ಪಡಸಾಲೆಯಲ್ಲಿ ಸೂರ್ಯಶಿಲ್ಪ

ನಮ್ಮ ಯಲಬುರ್ಗಾ, ಕುಷ್ಟಗಿ ಕಡೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಬೆಳಕಿಂಡಿಯನ್ನು ನೋಡದವರು ವಿರಳ. ಅದರಿಂದ ಇಳಿದ ಬಿಸಿಲಿನ ಬಿಲ್ಲೆ ಒರಳಿನ ಬಳಿಗೆ ಸರಿಯಿತೆಂದರೆ ಹೊಲಕ್ಕೆ ಬುತ್ತಿ ಒಯ್ಯುವ ಹೊತ್ತಾಯಿತೆಂದು ಹಿರಿಯರು ತಿಳಿಯುತ್ತಿದ್ದರು. ಇದೇ ಬಿಲ್ಲೆಯಿಂದ ಸಾರ್ವಜನಿಕ ಕಟ್ಟಡವೊಂದರ ಪಡಸಾಲೆಯನ್ನು ಅಲಂಕರಿಸಬಹುದೇ? ಧಾರಾಳವಾಗಿ. ವಿದ್ಯುದ್ದೀಪದ ಖರ್ಚೂ ಇಲ್ಲ.

ಕಿಂಡಿ ತೀರ ಸಣ್ಣದಿದ್ದರೆ ಒಳಗೆ ಮೂಡುವುದು ಕಿಂಡಿಯ ಆಕಾರವಲ್ಲ, ಹೊರಗಿನ ವಸ್ತುವಿನ ಚಿತ್ರ, ಅದೂ ತಲೆಕೆಳಗಾಗಿ. ಆನೆಗೊಂದಿಯಿಂದ ಹೊಳೆ ದಾಟಿದರೆ ಸಿಗುವ ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ಗೋಪುರದ ತಲೆಕೆಳಗಾದ ನೆರಳನ್ನು ಗಂಗಾವತಿಯ ಮಿತ್ರರು ಎಷ್ಟೋ ಸಲ ನೋಡಿರಬೇಕು. ಹಾಗೆಯೇ ದುಂಡು ಬಿಲ್ಲೆಯೆಂಬುದು ಸೂರ್ಯನ ಚಿತ್ರವೇ. ಗ್ರಹಣ ಹಿಡಿದಾಗ ಮರದ ಕೆಳಗಿನ ಬಿಸಿಲ ಚುಕ್ಕೆಗಳೆಲ್ಲ ಕುಡುಗೋಲಿನಂತಾಗುವುದು ಇದರಿಂದಲೇ.

ಬೆಂಗಳೂರಿನ ಗವಿ ಗಂಗಾಧರೇಶ್ವರ ಗುಡಿಯಲ್ಲಿ ಮಕರ ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುತ್ತದೆ. ವರ್ಷಕ್ಕೆ ಅದೊಂದೇ ಸಲವೆಂದು ಜನರ ಭಾವನೆ. ಆದರೆ ಸೂರ್ಯನು ಡಿಸೆಂಬರ್ 21ರ ಸುಮಾರಿಗೆ ದಕ್ಷಿಣದ ತುದಿ ಮುಟ್ಟಿ ಹಿಂದಿರುಗುವನಷ್ಟೆ. ಸಂಕ್ರಾಂತಿ ಬರುವುದು ಅದಾದ ಸುಮಾರು 24 ದಿನಕ್ಕೆ. ಹಾಗಾದರೆ ಹೋಗುವಾಗಲೂ, ಅಷ್ಟೇ ದಿನ ಮುಂಚೆ, ನವೆಂಬರ್ ಕೊನೆಯಲ್ಲಿ ಅವನು ಅದೇ ದಾರಿಯಲ್ಲಿ ಮುಳುಗಬೇಕು. ತಾರಾಲಯದ ಬಿ. ಎಸ್. ಶೈಲಜಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದೂ ಇದೇ. ಡೇನಿಯಲ್ ಬಂಧುಗಳು 1792ರಲ್ಲಿ ಬರೆದ ಚಿತ್ರದೊಡನೆ ಹೋಲಿಸಿ, ಆಮೇಲೆ ಕಟ್ಟಡ ಬದಲಾದುದನ್ನೂ ಅವರು ತೋರಿಸಿದರು. ಗೋಡೆ ಸರಿದರೆ ಬೆಳಕಿನ ದಿನವೂ ಸರಿಯುತ್ತದೆ. ಜೀರ್ಣೋದ್ಧಾರದ ಉತ್ಸಾಹಿಗಳು ಇದನ್ನು ನೆನೆಯುವುದು ಕಡಿಮೆ.

ಈಗ ನಮ್ಮ ಕೊಪ್ಪಳಕ್ಕೆ ಬರೋಣ. ಇದರ ಅಕ್ಷಾಂಶ ಉತ್ತರಕ್ಕೆ 15 ಡಿಗ್ರಿ 21 ಮಿನಿಟು. ಪಡಸಾಲೆಯ ಛಾವಣಿಯ ಕಿಂಡಿಗೆ ತಗಡು ಹೊದಿಸಿ, ಅದರಲ್ಲಿ ಮೆಣಸಿನ ಕಾಳಿನಷ್ಟು ತೂತು ಕೊರೆಯಬೇಕು. ತಗಡು ನೆಲದಿಂದ 10 ಅಡಿ ಎತ್ತರವಿರಲಿ. ತೂಗುಗುಂಡು ಇಳಿಬಿಟ್ಟು ತೂತಿನ ನೇರ ಕೆಳಗೆ ಗುರುತು ಮಾಡಿ, ಅದರ ಮೇಲೆ ದಕ್ಷಿಣೋತ್ತರವಾಗಿ ಗೆರೆ ಎಳೆಯಬೇಕು. ಪ್ರತಿದಿನ ನಡುಹಗಲಿಗೆ ಸೂರ್ಯನ ಬಿಲ್ಲೆ ಆ ಗೆರೆಯನ್ನು ದಾಟುತ್ತದೆ. ನಡುಹಗಲೆಂದರೆ ಗಡಿಯಾರದ 12 ಅಲ್ಲ, ಇಲ್ಲಿ ಸರಾಸರಿ 12-25. ಡಿಸೆಂಬರ್ 21ರಂದು ಬಿಲ್ಲೆ ಗುರುತಿನಿಂದ 8 ಅಡಿ ಉತ್ತರಕ್ಕಿರುತ್ತದೆ. ಮಾರ್ಚ್ 21ಕ್ಕೆ ಎರಡೂಮುಕ್ಕಾಲು ಅಡಿಗೆ ಬರುತ್ತದೆ. ಮೇ ಮೊದಲ ವಾರ ಗುರುತಿನ ಮೇಲೆಯೇ ನಿಲ್ಲುತ್ತದೆ. ಅಂದು ಅಂಗಳದ ಕಂಬಕ್ಕೆ ನೆರಳೇ ಇಲ್ಲ! ಜೂನ್ 21ಕ್ಕೆ ಗುರುತು ದಾಟಿ ದಕ್ಷಿಣಕ್ಕೆ ಸುಮಾರು ಒಂದೂವರೆ ಅಡಿ ಹೋಗಿ, ಆಗಸ್ಟ್ ಎರಡನೆಯ ವಾರ ಮತ್ತೆ ಗುರುತಿಗೆ ಮರಳುತ್ತದೆ. ಮೋಡ ಬಿಟ್ಟುಕೊಟ್ಟರೆ ಕಾಣಬಹುದು.

ಇಟಲಿಯ ಬೊಲೋನ್ಯಾ ನಗರದ ಸಾನ್ ಪೆಟ್ರೋನಿಯೊ ಇಗರ್ಜಿಯ ನೆಲದ ಮೇಲೆ 1655ರಲ್ಲಿ ಕ್ಯಾಸಿನಿ ಇಂಥದೇ ಗೆರೆಯನ್ನು ಹಾಕಿಸಿದನು. ಉದ್ದ ಸುಮಾರು 67 ಮೀಟರು. ನಮಗೆ 10 ಅಡಿಯ ಗೆರೆ ಸಾಕು. ಮಳೆಗಾಲದಲ್ಲಿ ಕಿಂಡಿಯ ಮೇಲೊಂದು ಗಾಜು ಮುಚ್ಚಬೇಕು, ಅಷ್ಟೆ.