ಕಿರು ಉಪಗ್ರಹಗಳೂ ನಿಸರ್ಗಸಂಪತ್ತಿನ ವೀಕ್ಷಣೆಯೂ

ಅರಣ್ಯ, ಜಲಾಶಯ, ಹುಲ್ಲುಗಾವಲು, ಬೆಳೆ ಇವುಗಳ ಸ್ಥಿತಿಯನ್ನು ಆಕಾಶದಿಂದ ಅರಿಯುವ ಕಾರ್ಯವು ಅಮೆರಿಕದ ಪ್ರಥಮ ಲ್ಯಾಂಡ್‌ಸ್ಯಾಟ್ ಉಪಗ್ರಹವು ಕಕ್ಷೆಗೇರಿದ 1972ರಿಂದ ಕ್ರಮಬದ್ಧವಾಗಿ ನಡೆದುಬಂದಿದೆ. ಭಾರತವು 1988ರ ಮಾರ್ಚ್ ತಿಂಗಳಲ್ಲಿ ಐಆರ್‌ಎಸ್-1ಎ ಉಪಗ್ರಹವನ್ನು ಹಾರಿಸಿತು. ಸುಮಾರು 975 ಕಿಲೋಗ್ರಾಂ ತೂಕದ ಆ ಉಪಗ್ರಹವು ಒಂದೇ ಸ್ಥಳವನ್ನು ಮತ್ತೆ ಕಾಣುತ್ತಿದ್ದುದು 22 ದಿನಗಳಿಗೊಮ್ಮೆ. ಆ ದಿನ ಮೋಡ ಕವಿದಿದ್ದರೆ ಇನ್ನೂ 22 ದಿನ ಕಾಯಬೇಕಾಗಿತ್ತು. ಕಾಡುಗಿಚ್ಚಾಗಲಿ ಮರಗಳ ಕಡಿತವಾಗಲಿ ಹೀಗೆ ಕಾಯುವುದಿಲ್ಲ. ಕಿರು ಉಪಗ್ರಹಗಳ ಮಹತ್ತ್ವವಿರುವುದು ಈ ಅಂತರವನ್ನು ಕುಗ್ಗಿಸುವುದರಲ್ಲಿ.

ಅಮೆರಿಕದ ಪ್ಲಾನೆಟ್ ಸಂಸ್ಥೆಯ ‘ಡವ್’ ಉಪಗ್ರಹಗಳು ಇದಕ್ಕೆ ಉತ್ತಮ ನಿದರ್ಶನ. ಇವು 10 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರ, ಸುಮಾರು 30 ಸೆಂಟಿಮೀಟರ್ ಉದ್ದದ ಪೆಟ್ಟಿಗೆಗಳು. ತೂಕ ಸುಮಾರು 5 ಕಿಲೋಗ್ರಾಂ. 2017ರ ಫೆಬ್ರವರಿ 15ರಂದು ಶ್ರೀಹರಿಕೋಟಾದಿಂದ ಹೊರಟ ಪಿಎಸ್‌ಎಲ್‌ವಿ-ಸಿ37 ಒಯ್ದ 104 ಉಪಗ್ರಹಗಳಲ್ಲಿ 88 ಇವೇ ಆಗಿದ್ದವು. ಒಂದು ಡವ್ ಒಂದು ಸುತ್ತಿನಲ್ಲಿ ನೆಲದ ಕಿರಿದಾದ ಪಟ್ಟಿಯೊಂದನ್ನು ಮಾತ್ರ ಕಾಣಬಲ್ಲುದು. ಆದರೆ ಅನೇಕ ಡವ್‌ಗಳು ಒಂದೇ ಕಕ್ಷೆಯಲ್ಲಿ ಒಂದರ ಹಿಂದೊಂದು ಸಾಗುತ್ತಿರಲು, ಕೆಳಗೆ ಭೂಮಿಯು ತಿರುಗುತ್ತಿರುವ ಕಾರಣ, ಹಿಂದೆ ಬರುವುದು ಪಕ್ಕದ ಪಟ್ಟಿಯನ್ನು ಚಿತ್ರಿಸುತ್ತದೆ. ಹೀಗೆ ಭೂಭಾಗದ ಬಹುಪಾಲು ಹೆಚ್ಚುಕಡಮೆ ಪ್ರತಿದಿನವೂ ಚಿತ್ರಿತವಾಗುತ್ತದೆ. ಚಿತ್ರದ ಒಂದೊಂದು ಬಿಂದುವೂ ನೆಲದ ಮೇಲೆ ಸುಮಾರು 3–4 ಮೀಟರ್ ಅಗಲದ ಚೌಕವನ್ನು ಪ್ರತಿನಿಧಿಸುತ್ತದೆ.

ಸಸ್ಯಗಳ ಅಧ್ಯಯನಕ್ಕೆ ಆಧಾರವಾದ ತತ್ತ್ವವು ಸರಳವಾದುದು. ಆರೋಗ್ಯವಂತ ಎಲೆಯ ಪತ್ರಹರಿತ್ತು ಕೆಂಪು ಬೆಳಕನ್ನು ಹೀರುತ್ತದೆ. ಎಲೆಯ ಒಳರಚನೆಯು ಅವಕೆಂಪು ಕಿರಣಗಳನ್ನು ಹೇರಳವಾಗಿ ಪ್ರತಿಫಲಿಸುತ್ತದೆ. ಇವೆರಡರ ಪ್ರಮಾಣವನ್ನು ಹೋಲಿಸಿ ಹಸುರಿನ ಏರಿಳಿತವನ್ನು ತಿಳಿಯಬಹುದು. ಮೋಡದ ಅಡ್ಡಿಯನ್ನು ಮೀರಲು ರೇಡಾರ್ ಅವಶ್ಯಕ. 2018ರ ಜನವರಿಯಲ್ಲಿ ಪಿಎಸ್‌ಎಲ್‌ವಿ-ಸಿ40 ಒಯ್ದ ಫಿನ್ಲೆಂಡಿನ ಐಸ್‌ಐ-ಎಕ್ಸ್1, 100 ಕಿಲೋಗ್ರಾಂಗಿಂತ ಕಡಮೆ ತೂಕದ ಉಪಗ್ರಹದಲ್ಲಿಯೂ ಅಂತಹ ರೇಡಾರನ್ನು ಅಳವಡಿಸಬಹುದೆಂದು ತೋರಿಸಿತು.

ಆದರೆ ಮಿತಿಗಳನ್ನೂ ಅರಿತಿರಬೇಕು. ನೂರಾರು ಕ್ಯಾಮೆರಾಗಳ ಸಂವೇದನೆ ತದ್ವತ್ತಾಗಿರುವುದು ಅಸಾಧ್ಯ. ಒಂದೇ ಕಾಡನ್ನು ಇಂದು ಒಂದು ಕ್ಯಾಮೆರಾ, ನಾಳೆ ಮತ್ತೊಂದು ಕಂಡಾಗ, ಉಪಕರಣದ ವ್ಯತ್ಯಾಸವನ್ನೇ ಕಾಡಿನ ವ್ಯತ್ಯಾಸವೆಂದು ಭ್ರಮಿಸುವ ಅಪಾಯವುಂಟು. ಆದುದರಿಂದಲೇ ಇವುಗಳ ಅಳತೆಗಳನ್ನು ಲ್ಯಾಂಡ್‌ಸ್ಯಾಟ್, ಸೆಂಟಿನೆಲ್-2 ಮುಂತಾದ ದೊಡ್ಡ ಉಪಗ್ರಹಗಳ ಅಳತೆಗಳೊಡನೆ ಹೋಲಿಸಿ ತಿದ್ದಲಾಗುತ್ತದೆ. ಕಿರಿಯವು ಹಿರಿಯವುಗಳ ಸ್ಥಾನವನ್ನು ಆಕ್ರಮಿಸುವುದಿಲ್ಲ. ಅವುಗಳ ಆಸರೆಯಿಂದಲೇ ವಿಶ್ವಾಸಾರ್ಹವಾಗುತ್ತವೆ.

ಎರಡನೆಯ ಮಿತಿ ಇನ್ನೂ ಗಹನವಾದುದು. ಬಂಡೀಪುರದ ಕಾಡಿನಲ್ಲಿ ವ್ಯಾಪಕವಾಗಿ ಹಬ್ಬಿರುವ ಲಂಟಾನವೂ ಹಸುರು, ಅದು ಒತ್ತರಿಸಿದ ಸ್ಥಳೀಯ ಗಿಡಗಳೂ ಹಸುರು. ಕೆಲವೇ ವರ್ಣಪಟ್ಟಿಗಳನ್ನು ಗ್ರಹಿಸುವ ಕ್ಯಾಮೆರಾಕ್ಕೆ ಇವುಗಳ ಭೇದ ಸುಲಭವಾಗಿ ತಿಳಿಯದು. ಹಸುರು ಹೆಚ್ಚಿದೆಯೆಂಬ ವರದಿಯೇ ಕಾಡಿನ ಅವನತಿಯನ್ನು ಮರೆಮಾಡಬಹುದು. ಇದನ್ನು ನಿರ್ಣಯಿಸಬಲ್ಲವರು ನೆಲದ ಮೇಲೆ ನಡೆದು ಗಿಡಗಳನ್ನು ಗುರುತಿಸಬಲ್ಲವರೇ.

ಕರ್ನಾಟಕ ಮತ್ತು ಆಂಧ್ರಪ್ರದೇಶದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ರಚಿಸಿದ, ಒಂದು ಕಿಲೋಗ್ರಾಂಗಿಂತ ಹಗುರವಾದ ಸ್ಟಡ್‌ಸ್ಯಾಟ್ 2010ರ ಜುಲೈ 12ರಂದು ಕಕ್ಷೆ ಸೇರಿತು. ಉಪಗ್ರಹವನ್ನು ಕಟ್ಟುವುದು ಕಾಲೇಜಿನ ವಿದ್ಯಾರ್ಥಿಗಳಿಗೂ ಎಟುಕುವ ಕಾರ್ಯವೆಂಬುದು ಅಂದೇ ಸಿದ್ಧವಾಯಿತು. ಅದರ ಚಿತ್ರವನ್ನು ಸರಿಯಾಗಿ ಓದಲು ಬೇಕಾದ ಕ್ಷೇತ್ರಜ್ಞಾನವನ್ನು ಬೆಳೆಸುವ ಹೊಣೆಯು ಸಸ್ಯಶಾಸ್ತ್ರ ಹಾಗೂ ಭೂಗೋಳ ವಿಭಾಗಗಳದು.