186 ಅಡಿಯ ಲೆಕ್ಕದಲ್ಲಿ ಬದುಕುವ ಹಕ್ಕಿ

ಅಕ್ಟೋಬರ್ ಬಂತೆಂದರೆ ಹಕ್ಕಿ ನೋಡುವ ಹುಚ್ಚಿನವರಿಗೆ ಘಟ್ಟ ಇಳಿಯುವ ತವಕ ಶುರುವಾಗುತ್ತದೆ. ಮಲ್ಪೆಯ ಬಂದರು, ಮರವಂತೆಯ ದಂಡೆ, ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ಅಳಿವೆ ಮುಂತಾದ ಕಡೆ ಆ ಹೊತ್ತಿಗೆ ಉತ್ತರದಿಂದ ಗಲ್‌ಗಳು ಬಂದಿಳಿಯತೊಡಗಿರುತ್ತವೆ. ಅದಕ್ಕೂ ಮೊದಲು, ಮಳೆಗಾಲದ ಪಡುವಣ ಗಾಳಿ ಜೋರಾದಾಗ, ನಡುಗಡಲಲ್ಲೇ ಬದುಕುವ ಸೂಟಿ ಟರ್ನ್‌ನಂಥ ಹಕ್ಕಿಗಳು ದಣಿದು ದಡಕ್ಕೆ ಬಂದು ಬೀಳುವುದೂ ಉಂಟು. ಈ ಸೂಟಿ ಟರ್ನ್ ಲಕ್ಷದ್ವೀಪದ ಪಿಟ್ಟಿ ಎಂಬ ಪುಟ್ಟ ದಿಬ್ಬದಲ್ಲಿ ಮೊಟ್ಟೆಯಿಡುತ್ತದೆ. ಮರಿ ಒಮ್ಮೆ ಹಾರಿತೆಂದರೆ ವರ್ಷಗಟ್ಟಲೆ ನೆಲ ಮುಟ್ಟುವುದಿಲ್ಲ.

ಶಿವಮೊಗ್ಗದ ವಿನೋಬನಗರದಲ್ಲಿ ಕೂತವರಿಗೆ ಇದೆಲ್ಲ ಆಗುಂಬೆ ಘಾಟಿಯ ಆಚೆಗಿನ ಸುದ್ದಿ. ಆದರೆ ಅದೇ ಟರ್ನ್ ಕುಟುಂಬದ ಒಂದು ಹಕ್ಕಿಯನ್ನು ನೋಡಲು ಘಟ್ಟ ಇಳಿಯಬೇಕಿಲ್ಲ. ಸುಮಾರು 30 ಕಿಲೋಮೀಟರ್ ದೂರದ ಬಿ.ಆರ್.ಪಿ.ಗೆ, ಅಂದರೆ ಭದ್ರಾ ಅಣೆಕಟ್ಟೆಗೆ ಹೋದರೆ ಸಾಕು. ಕನ್ನಡದ ಪಕ್ಷಿತಜ್ಞರು ಅದನ್ನು ನದಿ ರೀವ ಎನ್ನುತ್ತಾರೆ. ಇಂಗ್ಲಿಷಿನ ಹೆಸರು ರಿವರ್ ಟರ್ನ್. ಲಕ್ಕವಳ್ಳಿಯ ಸರ್ಕಾರಿ ವಸತಿಧಾಮಕ್ಕೆ ಇದೇ ಹೆಸರಿಟ್ಟಿರುವುದರಿಂದ ಹಕ್ಕಿ ನೋಡದವರಿಗೂ ಹೆಸರು ಗೊತ್ತು.

ಹಕ್ಕಿ ಸುಮಾರು 40 ಸೆಂಟಿಮೀಟರ್ ಉದ್ದ. ಮೈ ಮೇಲೆ ತಿಳಿಬೂದು, ಹೊಟ್ಟೆ ಬಿಳಿ, ಕೊಕ್ಕು ಗಾಢ ಹಳದಿ, ಕಾಲು ಕೆಂಪು, ಬಾಲ ಕವಲು. ಬೇಸಿಗೆಯಲ್ಲಿ ತಲೆಗೆ ಅಚ್ಚ ಕಪ್ಪು ಟೋಪಿ ಬರುತ್ತದೆ. ಚಳಿಗಾಲಕ್ಕೆ ಆ ಟೋಪಿ ಮಾಸಿ, ಕೊಕ್ಕಿನ ತುದಿ ಕಪ್ಪಾಗುತ್ತದೆ. ಅಕ್ಟೋಬರಿನ ಹೊತ್ತಿಗೆ ಕೆರೆ, ಗದ್ದೆಬಯಲುಗಳ ಮೇಲೆ ಮೀಸೆ ರೀವವೂ ವಲಸೆ ಬಂದಿರುತ್ತದೆ. ಎರಡೂ ಬಿಳಿಬೂದು ಹಕ್ಕಿಗಳಾದ್ದರಿಂದ ಹೊಸಬರು ಗೊಂದಲಕ್ಕೆ ಬೀಳುತ್ತಾರೆ. ಬಣ್ಣ ಬಿಟ್ಟು ನಡತೆ ನೋಡಿದರೆ ಕೆಲಸ ಸುಲಭ. ಮೀಸೆ ರೀವ ಚಿಕ್ಕದು, ನೀರಿನ ಮೇಲ್ಮೈಗೆ ಕೊಕ್ಕು ತಾಗಿಸಿ ಹುಳುಹುಪ್ಪಟೆ ಹೆಕ್ಕಿಕೊಂಡು ಹೋಗುತ್ತದೆ. ನದಿ ರೀವ ಮೇಲಿನಿಂದ ನೀರಿಗೆ ಧುಮುಕುತ್ತದೆ.

ಆ ಧುಮುಕುವಿಕೆಯಲ್ಲಿ ಹೈಸ್ಕೂಲಿನ ಭೌತಶಾಸ್ತ್ರದ ಒಂದು ಇಡೀ ಪಾಠ ಅಡಗಿದೆ. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುವುದರಿಂದ ಮೀನು ಇದ್ದಲ್ಲಿ ಕಾಣುವುದಿಲ್ಲ. ನೀರಿನ ವಕ್ರೀಭವನ ಸೂಚ್ಯಂಕ 1.33. ನೇರ ಮೇಲಿನಿಂದ ನೋಡಿದರೂ 40 ಸೆಂಟಿಮೀಟರ್ ಆಳದ ಮೀನು 30 ಸೆಂಟಿಮೀಟರ್ ಆಳದಲ್ಲಿರುವಂತೆ ತೋರುತ್ತದೆ. ಓರೆಯಾಗಿ ನೋಡಿದರಂತೂ ಆಳದ ಜೊತೆಗೆ ದಿಕ್ಕೂ ತಪ್ಪುತ್ತದೆ. ಹಕ್ಕಿ ನೀರಿನ ಮೇಲೆ ಕೊಕ್ಕು ಕೆಳಗೆ ಮಾಡಿಕೊಂಡು ಹಾರುತ್ತದೆ. ಮೀನು ಕಂಡ ಕೂಡಲೇ ರೆಕ್ಕೆ ಬಡಿಯುತ್ತ ನಿಂತಲ್ಲೇ ನಿಲ್ಲುತ್ತದೆ, ಆಮೇಲೆ ಹೆಚ್ಚುಕಡಿಮೆ ನೆಟ್ಟಗೆ ಬೀಳುತ್ತದೆ. ನೆಟ್ಟಗೆ ಬಿದ್ದರೆ ದಿಕ್ಕಿನ ತಪ್ಪು ಇಲ್ಲವಾಗುತ್ತದೆ, ಉಳಿಯುವುದು ಆಳದ ತಪ್ಪೊಂದೇ. ಮೈ ಹಗುರ, ಗರಿಗಳ ನಡುವೆ ಗಾಳಿ, ಪಾದ ಪುಟ್ಟದು. ಹೀಗಾಗಿ ಅದು ನೀರುಕಾಗೆಯ ಹಾಗೆ ಮುಳುಗಿ ಬೆನ್ನಟ್ಟುವ ಹಕ್ಕಿಯಲ್ಲ. ಮೇಲ್ಪದರದಲ್ಲಿ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಎದ್ದು ಮೈ ಕೊಡವಿ ಮತ್ತೊಂದು ಸುತ್ತು. ಹೊಟ್ಟೆ ಬೆಳ್ಳಗಿರುವುದಕ್ಕೂ ಇದೇ ಬೇಟೆ ಕಾರಣವಿರಬೇಕು. ಕೆಳಗಿನಿಂದ ನೋಡುವ ಮೀನಿಗೆ ಬೆಳಗುವ ಆಕಾಶದ ಎದುರು ಬಿಳಿ ಹೊಟ್ಟೆ ಕಪ್ಪು ಹೊಟ್ಟೆಗಿಂತ ತಡವಾಗಿ ಗೊತ್ತಾಗುತ್ತದೆ.

ಗಾಳಿ ಬೀಸಿದರೆ ಈ ಹಕ್ಕಿಗೆ ತೊಂದರೆ ಎಂದೇ ಯಾರಿಗಾದರೂ ಅನಿಸುತ್ತದೆ. 1970ರ ದಶಕದಲ್ಲಿ ಬ್ರಿಟನ್ನಿನ ಕಡಲತೀರದ ಟರ್ನ್‌ಗಳ ಬೇಟೆಯನ್ನು ಅಳೆದು ನೋಡಿದಾಗ ಕಂಡದ್ದು ಉಲ್ಟಾ. ಸಾಧಾರಣ ಗಾಳಿಯಿದ್ದಾಗ ಅವು ಹೆಚ್ಚು ಮೀನು ಹಿಡಿದವು. ಎದುರುಗಾಳಿ ರೆಕ್ಕೆಯನ್ನು ಎತ್ತಿ ಹಿಡಿಯುವುದರಿಂದ ನಿಂತಲ್ಲೇ ನಿಲ್ಲುವ ಶ್ರಮ ಕಡಿಮೆಯಾಗುತ್ತದೆ. ಜೊತೆಗೆ ನೀರು ಸಣ್ಣಗೆ ಕದಡಿ, ಮೇಲೆ ನಿಂತ ಹಕ್ಕಿ ಮೀನಿಗೆ ಕಾಣದಂತಾಗುತ್ತದೆ. ಗಾಳಿ ತೀರಾ ಹೆಚ್ಚಾದಾಗ ಮಾತ್ರ ಹಕ್ಕಿಗೇ ಮೀನು ಕಾಣುವುದಿಲ್ಲ. ಭದ್ರಾ ಹಿನ್ನೀರಿನಲ್ಲಿ ಮಧ್ಯಾಹ್ನದ ಗಾಳಿ ಎದ್ದ ಮೇಲೆ ಹೋಗಿ ನಿಂತು ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಬೇಕಾದದ್ದು ಒಂದು ದುರ್ಬೀನು, ಒಂದು ನೋಟ್‌ಬುಕ್ಕು, ಎಷ್ಟು ಸಲ ಧುಮುಕಿತು ಎಷ್ಟು ಸಲ ಮೀನು ಬಂತು ಎಂಬ ಎರಡು ಕಂಬಸಾಲು. ಅಲ್ಲೇ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ, ಹುಡುಗರಿಗೆ ಕೊಡಲು ಇದಕ್ಕಿಂತ ಅಗ್ಗದ ಪ್ರಾಜೆಕ್ಟ್ ಸಿಗಲಾರದು.

ಈ ಕುಟುಂಬದವು ಹೆಚ್ಚಾಗಿ ಕಡಲಿನವೇ. ಉಪ್ಪುನೀರು ಕುಡಿದು ಬದುಕುವುದಕ್ಕಾಗಿ ಕಣ್ಣಿನ ಮೇಲ್ಭಾಗದಲ್ಲಿ ಒಂದು ಗ್ರಂಥಿ ಇರುತ್ತದೆ. ಅದು ರಕ್ತದ ಹೆಚ್ಚುವರಿ ಉಪ್ಪನ್ನು ಸೋಸಿ ಮೂಗಿನ ಹೊಳ್ಳೆಯ ಮೂಲಕ ಹನಿಯಾಗಿ ಹೊರಹಾಕುತ್ತದೆ. ಭದ್ರೆಯ ಸಿಹಿನೀರಿನಲ್ಲಿರುವ ಹಕ್ಕಿಗೆ ಅಂಥ ಯಂತ್ರದ ಅಗತ್ಯ ಅಷ್ಟಿಲ್ಲ. ಓಡಾಟದಲ್ಲೂ ಅಜಗಜಾಂತರ. ಗ್ರೀನ್‌ಲ್ಯಾಂಡಿನಿಂದ ಅಂಟಾರ್ಕ್ಟಿಕಕ್ಕೆ ಹೋಗಿಬರುವ ಆರ್ಕ್ಟಿಕ್ ಟರ್ನ್ ವರ್ಷಕ್ಕೆ ಸರಾಸರಿ 70,000 ಕಿಲೋಮೀಟರ್ ಹಾರುತ್ತದೆಂದು 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಮ್ಮ ನದಿ ರೀವ ಮಳೆ ಬಂದರೆ ಹೊಳೆ, ಕೆರೆ, ಚಾನಲ್‌ಗಳ ಕಡೆ ಚದುರುತ್ತದೆ, ನೀರು ಇಳಿದರೆ ಮತ್ತೆ ಒಟ್ಟಾಗುತ್ತದೆ. ಅಷ್ಟೇ ಅದರ ವಲಸೆ.

ಒಟ್ಟಾಗುವುದು ಮೊಟ್ಟೆಯಿಡಲು. ಇದೇ ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಹೋದರೆ ಮಂಡಗದ್ದೆ ಸಿಗುತ್ತದೆ. ಅಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ತುಂಗೆ ಉಕ್ಕುವುದನ್ನೇ ಕಾದು, ಸುತ್ತ ನೀರು ನಿಂತ ಕುರುವದ ಮರಗಳಲ್ಲಿ ಗೂಡು ಕಟ್ಟುತ್ತವೆ. ಭದ್ರೆಯ ರೀವ ಕಾಯುವುದು ನೀರು ಇಳಿಯುವುದನ್ನು. ಮೊದಲೆಲ್ಲ ನದಿಗಳ ನಡುವೆ ಬೇಸಿಗೆಯಲ್ಲಿ ಏಳುತ್ತಿದ್ದ ಮರಳದಿಣ್ಣೆಗಳೇ ಇದರ ಹೆರಿಗೆ ಮನೆ. ಆ ಮರಳು ಲಾರಿ ಹತ್ತಿ ಹೋಯಿತು. ಉಳಿದಲ್ಲಿ ಮೋಟಾರು, ನಾಯಿ, ಕಲ್ಲಂಗಡಿ ಹೊಲ. 1960ರ ದಶಕದಲ್ಲಿ ಭದ್ರಾ ಅಣೆಕಟ್ಟೆ ತುಂಬಿದಾಗ ಕಣಿವೆ ಮುಳುಗಿ, ಗುಡ್ಡಗಳ ನೆತ್ತಿ ನೀರಿನ ನಡುವೆ ನಿಂತಿತು. ಮಳೆಗಾಲದ ಕೊನೆಗೆ ಮುಳುಗಿರುವ ಹಲವು ನೆತ್ತಿಗಳು ಮಾರ್ಚ್ ಹೊತ್ತಿಗೆ ಬೋಳು ದ್ವೀಪಗಳಾಗಿ ಏಳುತ್ತವೆ. ಅಣೆಕಟ್ಟು ಕಟ್ಟಿದ ಎಂಜಿನಿಯರುಗಳ ಕನಸಿನಲ್ಲೂ ಇರದಿದ್ದ ಫಲ ಇದು. ಹಕ್ಕಿಗೆ ಮರಳದಿಣ್ಣೆ ಸಿಕ್ಕಿತು.

ಗೂಡು ಎನ್ನುವಂಥದ್ದೇನೂ ಇಲ್ಲ. ಗಂಡು ಮೀನು ತಂದು ಹೆಣ್ಣಿಗೆ ಕೊಡುವ ಶಾಸ್ತ್ರವೆಲ್ಲ ಮುಗಿದ ಮೇಲೆ ಕಲ್ಲುಮಣ್ಣಿನ ನೆಲದಲ್ಲೇ ಒಂದು ಸಣ್ಣ ಗುಳಿ, ಅದರಲ್ಲಿ ಎರಡೋ ಮೂರೋ ಮಚ್ಚೆ ಮೊಟ್ಟೆ. ಏಪ್ರಿಲ್ ಬಿಸಿಲಲ್ಲಿ ಕಾವು ಕೊಡುವುದಕ್ಕಿಂತ ತಂಪು ಕೊಡುವುದೇ ದೊಡ್ಡ ಕೆಲಸ. ತಾಯಿತಂದೆ ಸರದಿಯಲ್ಲಿ ಮೊಟ್ಟೆಗೆ ನೆರಳಾಗಿ ನಿಲ್ಲುತ್ತವೆ. ಈ ಗುಂಪಿನ ಹಲವು ಹಕ್ಕಿಗಳು ಹೊಟ್ಟೆಯ ಗರಿ ನೀರಲ್ಲಿ ಅದ್ದಿ ತಂದು ಮೊಟ್ಟೆ ತೋಯಿಸುತ್ತವೆ. ಹತ್ತಿರ ಬಂದ ಕಾಗೆ, ಹದ್ದು, ಮನುಷ್ಯ ಯಾರಾದರೂ ಸರಿ, ಕಿರುಚುತ್ತ ತಲೆಯ ಮೇಲೇ ಎರಗುತ್ತವೆ. ಫೋಟೊ ಆಸೆಗೆ ದೋಣಿಯನ್ನು ದ್ವೀಪಕ್ಕೆ ಒತ್ತಿಸುವವರಿಗೆ ಹಾರಾಟದ ಒಳ್ಳೆಯ ಚಿತ್ರ ಸಿಗಬಹುದು. ಅಷ್ಟು ಹೊತ್ತೂ ಮೊಟ್ಟೆ ಬಿಸಿಲಲ್ಲಿ ಬೇಯುತ್ತಿರುತ್ತದೆ.

ನೀರು ಯಾವಾಗ, ಎಷ್ಟು ಇಳಿಯಬೇಕೆಂದು ಹೇಳುವುದು ಈಗ ನದಿಯಲ್ಲ. ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ, ಸಾಮರ್ಥ್ಯ 71.5 ಟಿಎಂಸಿ ಎಂಬುದು ದಾವಣಗೆರೆಯವರೆಗಿನ ಭತ್ತ, ಅಡಿಕೆ ಬೆಳೆಗಾರರಿಗೆಲ್ಲ ಬಾಯಿಪಾಠ. ಬೇಸಿಗೆ ಬೆಳೆಗೆ ಎಡದಂಡೆ, ಬಲದಂಡೆ ಚಾನಲ್‌ಗಳಿಗೆ ಯಾವ ದಿನದಿಂದ ನೀರು ಎಂಬುದು ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಜಗಳವಾಡಿ ತೀರ್ಮಾನವಾಗುತ್ತದೆ. ಹಕ್ಕಿಯ ಪಂಚಾಂಗವೂ ಅಲ್ಲೇ ತಯಾರಾಗುತ್ತದೆ. ತಡವಾಗಿ ಬಿಟ್ಟರೆ ಮಾರ್ಚಿನಲ್ಲಿ ದ್ವೀಪವೇ ಏಳುವುದಿಲ್ಲ. ಅತಿಯಾಗಿ ಇಳಿಸಿದರೆ ದ್ವೀಪಕ್ಕೂ ದಡಕ್ಕೂ ನಡುವಿನ ನೀರು ಒಣಗಿ ನಾಯಿ, ನರಿಗಳಿಗೆ ದಾರಿಯಾಗುತ್ತದೆ. ಒಂದೇ ರಾತ್ರಿಯಲ್ಲಿ ನೂರಾರು ಮೊಟ್ಟೆ ಖಾಲಿಯಾಗಲು ಅಷ್ಟು ಸಾಕು.

ನದಿ ರೀವ ಜಾಗತಿಕ ಕೆಂಪು ಪಟ್ಟಿಯಲ್ಲಿ ಈಗ ‘ವಲ್ನರಬಲ್’ ದರ್ಜೆಯಲ್ಲಿದೆ. ಇದೇ ನದಿಗಳ ಕಪ್ಪುಹೊಟ್ಟೆಯ ರೀವದ ಗತಿ ಇನ್ನೂ ಕಷ್ಟ. ರೈತರ ನೀರು ಕಿತ್ತು ಹಕ್ಕಿಗೆ ಕೊಡಿ ಎಂದು ಯಾರೂ ಕೇಳುತ್ತಿಲ್ಲ, ಕೇಳಬೇಕಾಗಿಯೂ ಇಲ್ಲ. ಬೇಸಿಗೆಯಲ್ಲಿ ನೀರು ಇಳಿಯಬೇಕೆಂಬ ವಿಷಯದಲ್ಲಿ ರೈತರಿಗೂ ರೀವಕ್ಕೂ ತಕರಾರಿಲ್ಲ. ಗೂಡಿರುವ ಪ್ರತಿ ದ್ವೀಪ ಎಷ್ಟು ಅಡಿಗೆ ಏಳುತ್ತದೆ, ಎಷ್ಟು ಅಡಿಗೆ ದಡ ಸೇರುತ್ತದೆ ಎಂದು ಅಳೆದಿಟ್ಟುಕೊಂಡರೆ, ಆ ಎರಡು ಅಂಕಿಗಳ ನಡುವೆ ಏಪ್ರಿಲ್ ಕಳೆಯುವುದು ಸಾಧ್ಯವೇ ಎಂದು ಸಭೆಯಲ್ಲಿ ಕೇಳಬಹುದು. ಮೊಟ್ಟೆಯೊಡೆಯಲು ಸುಮಾರು ಮೂರು ವಾರ, ಮರಿ ರೆಕ್ಕೆ ಬಲಿಯಲು ಮತ್ತೊಂದು ತಿಂಗಳ ಆಸುಪಾಸು ಬೇಕು. ಕುದುರೆಮುಖದ ಕಡೆ ಜೂನಿನ ಮೊದಲ ದೊಡ್ಡ ಮಳೆ ಬಿದ್ದರೆ ಹಿನ್ನೀರು ಏರತೊಡಗುತ್ತದೆ, ಮೇ ಕೊನೆಯಲ್ಲಿಟ್ಟ ಮೊಟ್ಟೆಗಳಿಗೆ ಆ ಅವಧಿ ಸಿಗುವುದಿಲ್ಲ.