ಮೂವತ್ತೈದು ಲಕ್ಷ ಜನರ ನಡುವೆ ಒಂದು ಸೀಟು

ಟೋಕಿಯೊದ ಶಿಂಜುಕು ರೈಲು ನಿಲ್ದಾಣದಿಂದ ಹೊರಬರಲು ಇನ್ನೂರಕ್ಕೂ ಹೆಚ್ಚು ದಾರಿಗಳಿವೆ. ಕೋವಿಡ್‌ಗೆ ಮುಂಚೆ ದಿನಕ್ಕೆ ಸರಾಸರಿ 35 ಲಕ್ಷದಷ್ಟು ಜನ ಹಾದುಹೋಗುತ್ತಿದ್ದ ಈ ನಿಲ್ದಾಣ ಜಗತ್ತಿನಲ್ಲೇ ಅತಿ ಜನನಿಬಿಡವೆಂದು ಗಿನ್ನೆಸ್ ಪುಸ್ತಕ ಸೇರಿದೆ. ರೈಲುಗಳು ಓಡುವುದು ನಸುಕಿನ ನಾಲ್ಕೂವರೆಯಿಂದ ನಡುರಾತ್ರಿ ಒಂದರ ತನಕ. ಭಾಗಿಸಿ ನೋಡಿ, ಸೆಕೆಂಡಿಗೆ ಹತ್ತಿರಹತ್ತಿರ 47 ಜನ! ಫೋನಿನಲ್ಲಿ ನಕ್ಷೆ ತೆರೆದು, ದಿಕ್ಕು ತಿಳಿಯದೆ ಐದು ನಿಮಿಷ ಕಂಬಕ್ಕೊರಗಿ ನಿಂತರೆ ಅಷ್ಟರೊಳಗೆ ಹದಿನಾಲ್ಕು ಸಾವಿರ ಮಂದಿ ದಾಟಿರುತ್ತಾರೆ. ಕೇಳಿಸುವುದು ಹೆಜ್ಜೆ ಸಪ್ಪಳ, ಧ್ವನಿವರ್ಧಕದ ಸೂಚನೆ. ಕೂಗಾಡುವವರಿಲ್ಲ.

ಜಪಾನಿನ ವಿಸ್ತೀರ್ಣ 3.78 ಲಕ್ಷ ಚದರ ಕಿಲೋಮೀಟರ್. ಎರಡು ಕರ್ನಾಟಕಗಳನ್ನು ಜೋಡಿಸಿದಷ್ಟು ನೆಲ. ಅದರಲ್ಲೂ ಮುಕ್ಕಾಲು ಪಾಲು ಬೆಟ್ಟಗುಡ್ಡ. ಹನ್ನೆರಡು ಕೋಟಿ ಮೀರಿದ ಜನರಲ್ಲಿ ಹೆಚ್ಚಿನವರು ಉಳಿದ ಕಾಲುಭಾಗದಲ್ಲಿ ಒತ್ತೊತ್ತಾಗಿ ಬದುಕಬೇಕು. ಟೋಕಿಯೊ ಮತ್ತು ಅದರ ಆಸುಪಾಸಿನಲ್ಲೇ ಸುಮಾರು 3.7 ಕೋಟಿ ಜನ. ಇಂಥ ಕಡೆ ಒಬ್ಬಳೇ ಹೋದವಳಿಗೆ ಕೂರಲು ಜಾಗ ಸಿಕ್ಕೀತೇ ಎಂಬ ಅಳುಕು ಸಹಜ. ಸಿಗುತ್ತದೆ, ಧಾರಾಳವಾಗಿ ಸಿಗುತ್ತದೆ. ಏಕೆಂದರೆ ಆ ದೇಶದ ಲೆಕ್ಕಾಚಾರ ಶುರುವಾಗುವುದೇ ಒಬ್ಬರಿಂದ.

ರಾಮೆನ್ ಎಂಬ ನೂಡಲ್ ಸಾರಿನ ಅಂಗಡಿಯನ್ನೇ ನೋಡಿ. ಬಹಳಷ್ಟು ಕಡೆ ಬಾಗಿಲಲ್ಲೇ ಟಿಕೆಟ್ ಯಂತ್ರ. ದುಡ್ಡು ಹಾಕಿ ಚಿತ್ರವಿರುವ ಗುಂಡಿ ಒತ್ತಿದರೆ ಚೀಟಿ ಬರುತ್ತದೆ. ಕೊಟ್ಟು ಕೂತರಾಯಿತು, ಮಾತೇ ಬೇಡ. ಕೆಲವು ಅಂಗಡಿಗಳಲ್ಲಂತೂ ಪ್ರತಿ ಸೀಟಿನ ಎಡಬಲಕ್ಕೂ ಹಲಗೆಯ ತಡೆ. ಎದುರಿನ ಪರದೆ ಸರಿದು ಬಟ್ಟಲು ಬರುತ್ತದೆ, ಕೊಟ್ಟವರ ಮುಖ ಕಾಣುವುದಿಲ್ಲ. (ಸಸ್ಯಾಹಾರಿಗಳೇ, ಗುಂಡಿ ಒತ್ತುವ ಮುಂಚೆ ವಿಚಾರಿಸಿ: ಸಾರು ಬಹುತೇಕ ಹಂದಿಯ ಮೂಳೆಯದೋ ಕೋಳಿಯದೋ ಆಗಿರುತ್ತದೆ.) ಮಲಗಲು ಕ್ಯಾಪ್ಸೂಲ್ ಹೋಟೆಲು: ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ಗೂಡು. ವಾಸ್ತುಶಿಲ್ಪಿ ಕಿಶೊ ಕುರೊಕಾವಾ ವಿನ್ಯಾಸ ಮಾಡಿದ ಮೊದಲನೆಯದು ಒಸಾಕಾದಲ್ಲಿ 1979ರಲ್ಲಿ ತೆರೆಯಿತು. ಹಸಿವಾದರೆ 'ಕೊಂಬಿನಿ', ಹಗಲೂ ರಾತ್ರಿ ತೆರೆದಿರುವ ಚಿಕ್ಕ ಅಂಗಡಿ. ದೇಶದಲ್ಲಿ ಇಂಥವು 55,000ಕ್ಕೂ ಹೆಚ್ಚು. ಬಾಯಾರಿದರೆ ಬೀದಿ ಬದಿಯ ಯಂತ್ರ. ಕೆಂಪು ಪಟ್ಟಿಯದು ಬಿಸಿ, ನೀಲಿಯದು ತಂಪು. ಎಲ್ಲ ಬಗೆಯವೂ ಸೇರಿ ಮಾರಾಟ ಯಂತ್ರಗಳು 40 ಲಕ್ಷದ ಹತ್ತಿರ. ಮೂವತ್ತೊಂದು ಜನರಿಗೆ ಒಂದು!

ಬುಲೆಟ್ ರೈಲು ಶಿಂಕಾನ್ಸೆನ್ ಬಗ್ಗೆ ಬರೆಯದವರಿಲ್ಲ, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. ಮೊದಲ ಮಾರ್ಗ ಟೋಕಿಯೊದಿಂದ ಒಸಾಕಾಕ್ಕೆ 1964ರ ಅಕ್ಟೋಬರ್ 1ರಂದು ತೆರೆಯಿತು. ಈಗ ಅಲ್ಲಿ ದಟ್ಟಣೆಯ ವೇಳೆ 'ನೊಜೊಮಿ' ರೈಲುಗಳೇ ಗಂಟೆಗೆ ಹನ್ನೆರಡರವರೆಗೆ ಹೊರಡುತ್ತವೆ. ಒಂದೊಂದರಲ್ಲಿ 16 ಬೋಗಿ, 1,323 ಸೀಟು. ಅಂದರೆ ಒಂದೇ ದಿಕ್ಕಿಗೆ ಗಂಟೆಗೆ 15,876 ಸೀಟು. ಟೋಕಿಯೊ ನಿಲ್ದಾಣದಲ್ಲಿ ಶಿಂಕಾನ್ಸೆನ್ನಿನ ಇಡೀ ರೈಲನ್ನು ಗುಡಿಸಿ ಒರೆಸಿ ಸೀಟು ತಿರುಗಿಸಿಡಲು ಏಳು ನಿಮಿಷ ಸಾಕು. 2017ರ ನವೆಂಬರಿನಲ್ಲಿ ಟೋಕಿಯೊ ಬಳಿಯ ತ್ಸುಕುಬಾ ಎಕ್ಸ್‌ಪ್ರೆಸ್ ರೈಲೊಂದು 20 ಸೆಕೆಂಡು ಮುಂಚೆ ಹೊರಟಿತು. ಅದಕ್ಕೆ ಕಂಪನಿ ಸಾರ್ವಜನಿಕವಾಗಿ ಕ್ಷಮೆ ಕೇಳಿತು!

ನನ್ನನ್ನು ಇದಕ್ಕಿಂತ ಹೆಚ್ಚು ಬೆರಗಾಗಿಸಿದ್ದು ಕಳೆದುಹೋದ ವಸ್ತುಗಳ ಲೆಕ್ಕ. 2018ರಲ್ಲಿ ಟೋಕಿಯೊ ಪೊಲೀಸರ ಕೈಗೆ ಬಂದವು 41 ಲಕ್ಷಕ್ಕೂ ಹೆಚ್ಚು. ನಗದೇ ಸುಮಾರು 384 ಕೋಟಿ ಯೆನ್. ಅದರಲ್ಲಿ ಮುಕ್ಕಾಲು ಪಾಲಿನಷ್ಟು ವಾರಸುದಾರರಿಗೆ ಮರಳಿತು. ಇದನ್ನು ಬರೀ ಪ್ರಾಮಾಣಿಕತೆ ಎಂದು ಕೊಂಡಾಡಿದರೆ ಅರ್ಧ ಮಾತಾಯಿತು. ಓಣಿಗೊಂದರಂತೆ 'ಕೋಬಾನ್' ಎಂಬ ಪುಟ್ಟ ಪೊಲೀಸ್ ಚೌಕಿಗಳಿವೆ, ಒಪ್ಪಿಸುವುದು ಸುಲಭ. ಒಪ್ಪಿಸಿದವರಿಗೆ ಶೇ. 5ರಿಂದ 20ರವರೆಗೆ ಇನಾಮು ಕೊಡಬೇಕೆಂದು ಕಾನೂನೇ ಹೇಳುತ್ತದೆ. ಮೂರು ತಿಂಗಳೊಳಗೆ ಯಾರೂ ಬರದಿದ್ದರೆ ಸಾಮಾನ್ಯವಾಗಿ ಸಿಕ್ಕವರಿಗೇ ಸೇರುತ್ತದೆ. ಅದೇ ವರ್ಷ ಸಿಕ್ಕ ಕೊಡೆಗಳು 3.4 ಲಕ್ಷದಷ್ಟು. ಹುಡುಕಿಕೊಂಡು ಬಂದವರು ಮಾತ್ರ ನೂರಕ್ಕೊಬ್ಬರು, ಕೊಂಬಿನಿಯಲ್ಲಿ ಅಗ್ಗದ ಪ್ಲಾಸ್ಟಿಕ್ ಕೊಡೆ ಸಿಗುವಾಗ ಯಾರು ಅಲೆಯುತ್ತಾರೆ?

ಇನ್ನು ಆಯಸ್ಸಿನ ಲೆಕ್ಕ. ನೂರು ತುಂಬಿದವರು 1963ರಲ್ಲಿ ಇಡೀ ದೇಶದಲ್ಲಿ 153 ಮಂದಿ. ಆ ವರ್ಷದಿಂದ ಸರ್ಕಾರ ನೂರನೇ ವರ್ಷಕ್ಕೆ ಅಪ್ಪಟ ಬೆಳ್ಳಿಯ ಬಟ್ಟಲು ಉಡುಗೊರೆ ಕೊಡತೊಡಗಿತು. ಶತಾಯುಷಿಗಳು ಹೆಚ್ಚಿದಂತೆ ಖರ್ಚು ಭರಿಸಲಾಗದೆ 2016ರಿಂದ ಬೆಳ್ಳಿ ಲೇಪನದ ಬಟ್ಟಲು. 2024ರ ಹೊತ್ತಿಗೆ ಅವರ ಸಂಖ್ಯೆ 95,119. ನೂರಕ್ಕೆ 88 ಮಂದಿ ಹೆಂಗಸರು.

ಒಂದೇ ಸೀಟು, ಒಬ್ಬರ ಊಟದ ಪೊಟ್ಟಣ, ಒಂದೇ ಹಾಸಿಗೆ ಇವೆಲ್ಲ ಯಾರಿಗಾಗಿ ಎಂಬುದು ಇಲ್ಲಿ ತಿಳಿಯುತ್ತದೆ. 2020ರ ಜನಗಣತಿಯಂತೆ ಜಪಾನಿನ ಮನೆಗಳಲ್ಲಿ ಶೇ. 38 ಒಬ್ಬರೇ ಇರುವ ಮನೆಗಳು. 65 ದಾಟಿ ಒಂಟಿಯಾಗಿರುವವರೇ 67 ಲಕ್ಷ. ಒಂಟಿ ಪ್ರವಾಸಿಗೆ ಜಪಾನಿನಷ್ಟು ಹಿತವಾದ ದೇಶ ಮತ್ತೊಂದಿಲ್ಲವೆಂದು ಈಗಲೂ ಹೇಳುತ್ತೇನೆ. ಆದರೆ ನಾವು ನಾಲ್ಕು ದಿನ ಉಂಡು ಬರುವ ಆ ಹಿತದಲ್ಲೇ ಅಲ್ಲಿನವರು ವರ್ಷಗಟ್ಟಲೆ ಕಳೆಯುತ್ತಾರೆ. 2021ರಲ್ಲಿ ಜಪಾನ್ ಒಂಟಿತನಕ್ಕೆಂದೇ ಒಬ್ಬ ಮಂತ್ರಿಯನ್ನು ನೇಮಿಸಿತು. 2024ರಲ್ಲಿ ಮನೆಯಲ್ಲಿ ಒಬ್ಬರೇ ಇದ್ದು ತೀರಿಕೊಂಡವರನ್ನು ಅಲ್ಲಿನ ಪೊಲೀಸರು ದೇಶಾದ್ಯಂತ ಎಣಿಸಿದರು: 76,020 ಮಂದಿ. ಅವರಲ್ಲಿ 58,044 ಮಂದಿ 65 ಅಥವಾ ಅದಕ್ಕೂ ಹೆಚ್ಚು ವಯಸ್ಸಿನವರು.